ಮೀಟರಿನ ಸೀಲು: ಬಿದ್ದರೆ ಕಸ, ಕಳೆದರೆ ಕೇಸು

ಹಣಕೋಣ ಅಂದ ಕೂಡಲೇ ಕಾರವಾರ, ಅಂಕೋಲಾ ಕಡೆಯವರಿಗೆ ನೆನಪಾಗುವುದು ಸಾತೇರಿ ದೇವಿ. ವರ್ಷದಲ್ಲಿ ಏಳೇ ದಿನ ಬಾಗಿಲು ತೆರೆಯುವ ಗುಡಿ. ಆ ಏಳು ದಿನ ಸದಾಶಿವಗಡ ದಾಟಿ ಬರುವ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಉಳಿದ ದಿನ ಬಾಗಿಲು ಮುಚ್ಚಿರುತ್ತದೆ. ಮುಚ್ಚಿದ್ದು ಮುಚ್ಚಿದ ಹಾಗೇ ಇದೆಯೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ. ದೇವಿಯ ಬಾಗಿಲಿಗೆ ಸೀಲು ಬೇಕಾಗಿಲ್ಲ.

ಮನುಷ್ಯರ ವ್ಯವಹಾರಕ್ಕೆ ಬೇಕು. ಅದೇ ಊರಿನ ಯಾವುದೇ ಮನೆಯ ಜಗಲಿಯಲ್ಲಿ, ಯಾವುದೇ ಕಿರಾಣಿ ಅಂಗಡಿಯ ಬಾಗಿಲ ಪಕ್ಕದಲ್ಲಿ ಕರೆಂಟ್ ಮೀಟರು ಕೂತಿರುತ್ತದೆ. ಅದರ ಮುಚ್ಚಳವನ್ನು ಯಾರೂ ತೆಗೆದಿಲ್ಲ ಎಂಬುದಕ್ಕೆ ಸಾಕ್ಷಿ ಹುಣಸೆ ಬೀಜದಷ್ಟು ದೊಡ್ಡ ಪ್ಲಾಸ್ಟಿಕ್ ತುಂಡು, ಅದರೊಳಗೆ ಹಾಯ್ದ ಒಂದು ತಂತಿ, ಮೈಮೇಲೆ ಒಂದು ನಂಬರು. ಇಷ್ಟೇ. ಕಂಪನಿಗೂ ಗ್ರಾಹಕನಿಗೂ ನಡುವೆ ಇರುವ ನಂಬಿಕೆ ಈ ತಂತಿಯ ಮೇಲೆ ನಿಂತಿದೆ.

ಇನ್ನು ಮೀಟರು ಬದಲಾಯಿಸುವ ದಿನ ಏನಾಗುತ್ತದೆ ಎಂದು ನೋಡಿದವರಿಗೆ ಗೊತ್ತು. ಏಣಿ ಬರುತ್ತದೆ, ಕಟಿಂಗ್ ಪ್ಲಯರ್ ಬರುತ್ತದೆ. ಕಟಕ್ ಅಂತ ತಂತಿ ತುಂಡಾಗುತ್ತದೆ, ಸೀಲು ಜಗಲಿಯ ಮೇಲೆ ಬೀಳುತ್ತದೆ. ಹೊಸ ಮೀಟರಿಗೆ ಹೊಸ ಸೀಲು ಹಾಕಿ, ಸಹಿ ತೆಗೆದುಕೊಂಡು ಹೋದ ಮೇಲೆ ಮನೆಯಾಕೆ ಪೊರಕೆ ಹಿಡಿಯುತ್ತಾಳೆ. ಬಿದ್ದ ಸೀಲು ತೆಂಗಿನ ಬುಡಕ್ಕೋ, ಬಚ್ಚಲ ಒಲೆಗೋ, ಗಟಾರಕ್ಕೋ ಹೋಗುತ್ತದೆ. "ಅಣ್ಣಾ, ಇದು ಬೇಕಾ?" ಅಂತ ಒಬ್ಬರು ಕೇಳಿದರೆ ಹೆಚ್ಚು. "ಇಲ್ಲಕ್ಕಾ, ಅದೆಂತಕ್ಕೆ, ಬಿಸಾಡಿ" ಎಂದು ಉತ್ತರ ಬಂದರೆ ಅಲ್ಲಿಗೆ ಮುಗಿಯಿತು.

ಮುಗಿಯುವುದಿಲ್ಲ ಎನ್ನುವುದೇ ಇಲ್ಲಿಯ ಸಂಗತಿ. ಬಿಸಾಡಿದ ಆ ತುಂಡಿಗೆ ಎರಡು ಗುಣ. ಪ್ಲಾಸ್ಟಿಕ್ ಎಂದು ನೋಡಿದರೆ ಅದು ಕಸ, ನಂಬರು ಎಂದು ನೋಡಿದರೆ ಅದು ದಾಖಲೆ. ಕಸವನ್ನು ಕರಗಿಸಬೇಕು, ದಾಖಲೆಯನ್ನು ಇಟ್ಟುಕೊಳ್ಳಬೇಕು. ಎರಡನ್ನೂ ಮಾಡದೆ ಪೊರಕೆಗೆ ಬಿಟ್ಟರೆ ನಾಳೆ ತೊಂದರೆಗೆ ಬೀಳುವವನು ಅಂಗಡಿಯವನು.

ಸೀಸಕ್ಕೆ ಬೆಲೆ ಇತ್ತು

ಹಿಂದೆ ಇದು ಹೀಗಿರಲಿಲ್ಲ. 1957ರಲ್ಲಿ ಹುಟ್ಟಿದ ವಿದ್ಯುತ್ ಮಂಡಳಿಯ ಕಾಲದಲ್ಲಿ, ಅಂದರೆ ಜನ "ಕೆ.ಇ.ಬಿ." ಎನ್ನುತ್ತಿದ್ದ ಕಾಲದಲ್ಲಿ (ಈಗಲೂ ಹಳಬರು ಹಾಗೇ ಅನ್ನುತ್ತಾರೆ, ಹೆಸ್ಕಾಂ ಬಂದು ಇಪ್ಪತ್ತು ವರ್ಷದ ಮೇಲಾಯಿತು) ಮೀಟರಿಗೆ ಹಾಕುತ್ತಿದ್ದುದು ಸೀಸದ ಸೀಲು. ತಂತಿ ಪೋಣಿಸಿ, ಸೀಸದ ಗುಂಡನ್ನು ಇಕ್ಕಳದ ಬಾಯಿಗಿಟ್ಟು ಒತ್ತಿದರೆ ಇಕ್ಕಳದ ಅಚ್ಚು ಸೀಸದ ಮೇಲೆ ಮೂಡುತ್ತಿತ್ತು. ಆ ಅಚ್ಚೇ ಸರ್ಕಾರದ ಸಹಿ.

ಅಂಗಡಿಕಾರರಿಗೆ ಇದು ಹೊಸ ವಿಷಯವಲ್ಲ. ಕಬ್ಬಿಣದ ತೂಕದ ಬಟ್ಟನ್ನು ಮಗುಚಿ ನೋಡಿದರೆ ತಳದಲ್ಲಿ ತೂತು, ತೂತಿನೊಳಗೆ ಸೀಸ, ಸೀಸದ ಮೇಲೆ ಇನ್‌ಸ್ಪೆಕ್ಟರರ ಮುದ್ರೆ. ತೂಕ ಅಳತೆ ಇಲಾಖೆಯವರು ಬಟ್ಟುಗಳಿಗೆ ಎರಡು ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕುವುದು ಇವತ್ತಿಗೂ ಇರುವ ನಿಯಮ. ಅಂಗಡಿಯವನು ಗಿರಾಕಿಗೆ ಮೋಸ ಮಾಡಬಾರದು ಎಂದು ಆ ಮುದ್ರೆ. ಅಂಗಡಿಯವನು ಕಂಪನಿಗೆ ಮೋಸ ಮಾಡಬಾರದು ಎಂದು ಮೀಟರಿನ ಮುದ್ರೆ. ಕಂಪನಿ ಅಂಗಡಿಯವನಿಗೆ ಮೋಸ ಮಾಡಬಾರದು ಎಂಬುದಕ್ಕೂ ಅದೇ ಮುದ್ರೆ ಎಂಬುದನ್ನು ಮಾತ್ರ ಎರಡೂ ಕಡೆಯವರು ಮರೆಯುತ್ತಾರೆ.

ಸೀಸದ ಒಂದು ಗುಣವೆಂದರೆ ಅದಕ್ಕೆ ಬೆಲೆ ಇದೆ. 327 ಡಿಗ್ರಿಗೆ ಕರಗುತ್ತದೆ, ಅಂದರೆ ಸೌದೆ ಒಲೆಯ ಮೇಲೂ ಆಗುವ ಕೆಲಸ. ಕರಾವಳಿಯಲ್ಲಂತೂ ಸೀಸಕ್ಕೆ ಗಿರಾಕಿ ಸದಾ ಇದ್ದಾರೆ, ಬಲೆಯ ಅಂಚಿಗೆ ಕಟ್ಟುವ ಭಾರಕ್ಕೆ ಸೀಸ ಬೇಕು. ನೆಲಕ್ಕೆ ಬಿದ್ದ ಸೀಸದ ಗುಂಡನ್ನು ಹುಡುಗರು ಹೆಕ್ಕದೆ ಬಿಡುತ್ತಿರಲಿಲ್ಲ. ಯಾವ ಇಲಾಖೆಯೂ ಯೋಜನೆ ಮಾಡದೆ, ಯಾವ ಭಾಷಣವೂ ಇಲ್ಲದೆ ಸೀಸ ತಾನಾಗಿಯೇ ಕುಲುಮೆಗೆ ವಾಪಸ್ಸು ಹೋಗುತ್ತಿತ್ತು.

ಆದರೆ ಅದೇ ಸೀಸ ವಿಷ. ಮಕ್ಕಳ ಮಿದುಳಿಗೆ ಅಪಾಯ, ಇಷ್ಟರವರೆಗೆ ಪರವಾಗಿಲ್ಲ ಎಂಬ ಸುರಕ್ಷಿತ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಹೆಕ್ಕಿದ ಹುಡುಗ ಅದನ್ನು ಬಾಯಿಗಿಟ್ಟುಕೊಂಡು ಆಡಿದ್ದೂ ಇರಬಹುದು, ಒಲೆಯ ಮೇಲೆ ಕರಗಿಸಿದಾಗ ಹೊಗೆ ಕುಡಿದವರೂ ಇರಬಹುದು. ಜತೆಗೆ ಇಕ್ಕಳ ಒಂದಿದ್ದರೆ ಸೀಸದ ಮೇಲೆ ಯಾರು ಬೇಕಾದರೂ ಅಚ್ಚು ಒತ್ತಬಹುದಲ್ಲ ಎಂಬ ಅನುಮಾನವೂ ಇತ್ತು.

ಹಾಗಾಗಿ ಕೇಂದ್ರ ವಿದ್ಯುತ್ ಪ್ರಾಧಿಕಾರ 2006ರ ಮಾರ್ಚ್‌ನಲ್ಲಿ ಹೊರಡಿಸಿದ ಮೀಟರ್ ನಿಯಮಾವಳಿಯಲ್ಲಿ ಒಂದು ಗೆರೆ ಎಳೆಯಿತು. ಹೊಸ ಮೀಟರಿಗೆ ಸೀಸದ ಸೀಲು ಹಾಕಕೂಡದು. ಹಳೆಯ ಸೀಸದ ಸೀಲುಗಳನ್ನು ಹಂತ ಹಂತವಾಗಿ ತೆಗೆಯಬೇಕು. ಇನ್ನು ಮುಂದೆ ಪಾಲಿಕಾರ್ಬೊನೇಟ್, ಅಕ್ರಿಲಿಕ್, ಪ್ಲಾಸ್ಟಿಕ್ ಇಲ್ಲವೇ ಹೊಲೊಗ್ರಾಮ್ ಸೀಲು. ಸೀಲಿನ ಮೇಲೆ ಕಂಪನಿಯ ಹೆಸರೋ ಲಾಂಛನವೋ ಎದ್ದು ಕಾಣಬೇಕು. ಮೀಟರಿನ ಮೈಗೆ ಒಂದು, ಟರ್ಮಿನಲ್ ಮುಚ್ಚಳಕ್ಕೆ ಒಂದು, ಪರೀಕ್ಷೆಯ ಟರ್ಮಿನಲ್ ಇದ್ದರೆ ಅದಕ್ಕೊಂದು, ಪೆಟ್ಟಿಗೆ ಇದ್ದರೆ ಪೆಟ್ಟಿಗೆಗೊಂದು.

ಒಳ್ಳೆಯ ನಿಯಮ. ಸೀಸ ಹೋಯಿತು. ಜತೆಗೆ ಸೀಸದ ಬೆಲೆಯೂ ಹೋಯಿತು. ಬೆಲೆ ಹೋದ ಕೂಡಲೇ ಹೆಕ್ಕುವವರೂ ಹೋದರು.

ಎಂಥ ಪ್ಲಾಸ್ಟಿಕ್ಕು ಇದು?

ಪ್ಲಾಸ್ಟಿಕ್ ಅಂದರೆ ಜನಕ್ಕೆ ಎಲ್ಲಾ ಒಂದೇ. ಕೊಟ್ಟೆಯೂ ಪ್ಲಾಸ್ಟಿಕ್, ಬಾಟಲಿಯೂ ಪ್ಲಾಸ್ಟಿಕ್. ಆದರೆ ಕರಗಿಸುವವನಿಗೆ ಹಾಗಲ್ಲ. ಪಾಲಿಕಾರ್ಬೊನೇಟ್ ಎಂಬುದು ಗಟ್ಟಿ ಜಾತಿ. ಹೆಲ್ಮೆಟ್ಟಿನ ಮುಂದಿನ ಗಾಜಿನಂಥ ಪರದೆ, ಹಾಡಿನ ಸಿ.ಡಿ., ಇವೆಲ್ಲ ಅದರದೇ. ಕಾಯಿಸಿದರೆ ಮತ್ತೆ ಕರಗುತ್ತದೆ, ಮತ್ತೆ ಅಚ್ಚಿಗೆ ಬರುತ್ತದೆ. ಆ ಮಟ್ಟಿಗೆ ಒಳ್ಳೆಯ ಮಾಲು. ಆದರೆ ನೀರಿನ ಬಾಟಲಿಯ ಪ್ಲಾಸ್ಟಿಕ್ಕಿನ ಜತೆ ಬೆರೆತರೆ ಎರಡೂ ಕೆಡುತ್ತವೆ. ನೋಡಲು ಅದರಂತೆಯೇ ಇರುವ ಅಕ್ರಿಲಿಕ್ ಬೆರೆತರೂ ಕೆಡುತ್ತದೆ. ತೇವ ಇದ್ದಾಗ ಕರಗಿಸಿದರೆ ಪುಡಿಪುಡಿಯಾಗುವ ಮಾಲು ತಯಾರಾಗುತ್ತದೆ. ಇದರ ಮೇಲೆ ಪ್ರತಿ ಸೀಲಿಗೂ ಒಂದು ತಂತಿ. ತಂತಿ ಬಿಡಿಸದೆ ಯಂತ್ರಕ್ಕೆ ಹಾಕಿದರೆ ಯಂತ್ರದ ಅಲಗು ಹೋಗುತ್ತದೆ.

ಗುಜರಿ ಅಂಗಡಿಯವನ ಲೆಕ್ಕದಲ್ಲಿ ನೋಡಿ. ಒಂದು ಸೀಲು ಎರಡು ಗ್ರಾಂ ಎಂದಿಟ್ಟುಕೊಂಡರೆ ಒಂದು ಕಿಲೋ ಆಗಬೇಕಾದರೆ ಐನೂರು ಸೀಲು ಹೆಕ್ಕಬೇಕು. ಐನೂರು ತಂತಿ ಬಿಡಿಸಬೇಕು. ಯಾವ ಹುಚ್ಚ ಮಾಡುತ್ತಾನೆ? ನಮ್ಮ ಕಡೆ ಒಂದು ತಮಾಷೆ ಇದೆ. ಮರಾಠಿಯಲ್ಲಿ "ಭಂಗಾರ" ಅಂದರೆ ಗುಜರಿ, ಕೊಂಕಣಿಯಲ್ಲಿ "ಭಾಂಗಾರ" ಅಂದರೆ ಬಂಗಾರ. ಕಾರವಾರದ ಪೇಟೆಯಲ್ಲಿ ಎರಡು ಭಾಷೆಯೂ ನಡೆಯುತ್ತದೆ. ಈ ಸೀಲು ಮಾತ್ರ ಗುಜರಿಯವನಿಗೆ ಗುಜರಿಯೂ ಅಲ್ಲ. ಕೋರ್ಟಿನ ಮೆಟ್ಟಿಲು ಹತ್ತಿದವನಿಗಷ್ಟೇ ಅದು ಬಂಗಾರ.

ಪಂಚಾಯತಿಯ ಒಣಕಸದ ಶೆಡ್ಡು ಇದೆಯಲ್ಲ ಎನ್ನಬಹುದು. ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ "ಸ್ವಚ್ಛ ಸಂಕೀರ್ಣ" ಎಂಬ ಹೆಸರಲ್ಲಿ ಶೆಡ್ಡುಗಳು ಎದ್ದಿವೆ, ಸ್ವಸಹಾಯ ಸಂಘದ ಹೆಂಗಸರು ಕಸ ವಿಂಗಡಿಸುತ್ತಾರೆ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸ ವಿಂಗಡಿಸುವ ದೊಡ್ಡ ಘಟಕವೇ ಇದೆ. ಆದರೆ ಅಲ್ಲೆಲ್ಲ ವಿಂಗಡಣೆ ನಡೆಯುವುದು ಕೈಯಿಂದ, ಕಣ್ಣಿಂದ. ಬಾಟಲಿ ಕಾಣುತ್ತದೆ, ಹಾಲಿನ ಕೊಟ್ಟೆ ಕಾಣುತ್ತದೆ, ಚಪ್ಪಲಿ ಕಾಣುತ್ತದೆ. ಹುಣಸೆ ಬೀಜ ಕಾಣುವುದಿಲ್ಲ. ಧೂಳಿನ ಜತೆ ಕೆಳಗೆ ಉದುರುತ್ತದೆ. ಶೆಡ್ಡಿನ ಹೆಂಗಸರನ್ನು ಇದಕ್ಕೆ ದೂರಿದರೆ ತಪ್ಪು, ಅದು ಅವರ ಹತ್ತಿರ ಬರಬೇಕಾದ ಮಾಲೇ ಅಲ್ಲ.

ಗಟಾರಕ್ಕೆ ಬಿದ್ದದ್ದು ಎಲ್ಲಿಗೆ ಹೋಗುತ್ತದೆ? ಮಳೆಗಾಲದಲ್ಲಿ ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ಕಾಳಿಗೆ. ಬಾಟಲಿಯ ಮುಚ್ಚಳ ನೀರಿನ ಮೇಲೆ ತೇಲುತ್ತದೆ, ದಂಡೆಗೆ ಬಂದು ಬೀಳುತ್ತದೆ, ಸ್ವಚ್ಛತಾ ದಿನದಂದು ಹೆಕ್ಕಿ ಫೋಟೋ ತೆಗೆಸಿಕೊಳ್ಳಬಹುದು. ಪಾಲಿಕಾರ್ಬೊನೇಟ್ ನೀರಿಗಿಂತ ಭಾರ. ಅದು ಮುಳುಗುತ್ತದೆ. ಮುಳುಗಿ ಅಳಿವೆಯ ಕೆಸರಿನಲ್ಲಿ, ಬಳಚು ಹೆಕ್ಕುವ ಜಾಗದಲ್ಲಿ ಕೂರುತ್ತದೆ. ಫೋಟೋಕ್ಕೆ ಸಿಗುವುದಿಲ್ಲ.

ಒಂದು ಸೀಲಿನ ಮಾತು ಬಿಡಿ, ಒಟ್ಟು ಲೆಕ್ಕ ನೋಡಿ. ಕೇಂದ್ರ ಸರ್ಕಾರ 2021ರಲ್ಲಿ ತಂದ ವಿತರಣಾ ಸುಧಾರಣಾ ಯೋಜನೆಯಲ್ಲಿ ದೇಶಾದ್ಯಂತ 25 ಕೋಟಿ ಸ್ಮಾರ್ಟ್ ಮೀಟರ್ ಹಾಕುವ ಗುರಿ ಇಟ್ಟುಕೊಂಡಿತು. ಮೀಟರಿಗೆ ಮೂರೇ ಸೀಲು ಎಂದು ಹಿಡಿದರೂ 75 ಕೋಟಿ ಸೀಲು. ಎರಡು ಗ್ರಾಂ ಲೆಕ್ಕದಲ್ಲಿ 1,500 ಟನ್. ಹೊಸದಾಗಿ ಹಾಕುವುದು ಇಷ್ಟು, ಹಳೆಯದರಿಂದ ಕತ್ತರಿಸಿ ತೆಗೆಯುವುದು ಬೇರೆ. ನಮ್ಮ ರಾಜ್ಯದಲ್ಲಿ ಸ್ಮಾರ್ಟ್ ಮೀಟರಿನ ದರದ ಬಗ್ಗೆ 2025ರಲ್ಲಿ ಎದ್ದ ಗದ್ದಲ ಹೈಕೋರ್ಟಿನ ತನಕ ಹೋಯಿತು. ಮೀಟರಿನ ಬೆಲೆಯ ಬಗ್ಗೆ ಎಲ್ಲರೂ ಮಾತಾಡಿದರು, ಸೀಲಿನ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಮುಚ್ಚಳ ತೆರೆದರೆ ಸ್ಮಾರ್ಟ್ ಮೀಟರು ತಾನೇ ಬರೆದಿಟ್ಟುಕೊಳ್ಳುತ್ತದೆ ನಿಜ. ಹಾಗಂತ ಸೀಲು ಬೇಡ ಎಂದಾಗಿಲ್ಲ, ಅದಕ್ಕೂ ಸೀಲು ಬೇಕೇ ಬೇಕು.

"ಮರುಬಳಕೆ" ಎಂಬ ಮಾತಿನಲ್ಲೇ ಮೋಸ

ಕನ್ನಡದಲ್ಲಿ ಒಂದು ಪಜೀತಿ ಇದೆ. ಹಳೆ ಡಬ್ಬವನ್ನು ತೊಳೆದು ಮತ್ತೆ ಉಪಯೋಗಿಸಿದರೂ "ಮರುಬಳಕೆ", ಕರಗಿಸಿ ಬೇರೆ ಮಾಡಿದರೂ "ಮರುಬಳಕೆ". ಉಪ್ಪಿನಕಾಯಿ ಭರಣಿಯ ವಿಷಯದಲ್ಲಿ ಇದರಿಂದ ತೊಂದರೆಯಿಲ್ಲ. ಸೀಲಿನ ವಿಷಯದಲ್ಲಿ ಇದೇ ಎಡವಟ್ಟು. ಸೀಲನ್ನು ಹಾಗೇ ಮತ್ತೆ ಬಳಸಿದರೆ ಅದು ಅಪರಾಧ, ಕರಗಿಸಿ ಬಳಸಿದರೆ ಸತ್ಕಾರ್ಯ. ಆದ್ದರಿಂದ ಬೇರೆ ಪ್ಲಾಸ್ಟಿಕ್ಕಿಗೆ ಹೇಳುವ ಹಾಗೆ "ಸಂಗ್ರಹಿಸಿ ಕೊಡಿ, ಮರುಬಳಕೆ ಮಾಡುತ್ತೇವೆ" ಎಂದು ಊರಲ್ಲಿ ಡಬ್ಬ ಇಡುವ ಹಾಗಿಲ್ಲ. ನಂಬರು ಓದಲು ಬರುವ, ಕಂಪನಿಯ ಲಾಂಛನ ಇರುವ ಸೀಲುಗಳು ಒಂದು ಡಬ್ಬ ತುಂಬ ಯಾರ ಕೈಗೋ ಸಿಕ್ಕುವುದು ಒಳ್ಳೆಯದಲ್ಲ. ಬ್ಯಾಂಕಿನವರು ಹರಿದ ನೋಟನ್ನು ಹಾಗೇ ರದ್ದಿಗೆ ಹಾಕುತ್ತಾರೆಯೇ? ಎಣಿಸಿ, ಚೂರು ಮಾಡಿ, ಆಮೇಲಷ್ಟೇ ಹೊರಗೆ ಬಿಡುವುದು.

ವಿಚಿತ್ರ ಅಂದರೆ ಇದನ್ನು ನಿಯಮ ಆಗಲೇ ಹೇಳಿದೆ. 2006ರ ಅದೇ ನಿಯಮಾವಳಿಯಲ್ಲಿ, ಸೀಲು ತಯಾರಾದಲ್ಲಿಂದ ಹಿಡಿದು ಖರೀದಿ, ದಾಸ್ತಾನು, ಅಳವಡಿಕೆ, ತಪಾಸಣೆ, ತೆಗೆಯುವುದು, ಕೊನೆಗೆ ವಿಲೇವಾರಿ ತನಕ ಅದರ ಓಡಾಟ ಪೂರ್ತಿ ದಾಖಲಾಗುವ ವ್ಯವಸ್ಥೆ ಇರಬೇಕು ಎಂದಿದೆ. "ವಿಲೇವಾರಿ" ಎಂಬ ಶಬ್ದ ಅದರಲ್ಲೇ ಇದೆ. ಹುಟ್ಟಿದ ದಿನದಿಂದ ಸಾಯುವ ದಿನದ ತನಕ ಸೀಲಿಗೆ ಜಾತಕ ಇರಬೇಕು ಎಂದು ಅದರ ಅರ್ಥ. ಜಗಲಿಯ ಪೊರಕೆ ಆ ಜಾತಕದ ಯಾವ ಮನೆಯಲ್ಲೂ ಬರುವುದಿಲ್ಲ.

ಕೊರಳಿಗೆ ಬರುವುದು ಯಾರಿಗೆ?

ಬಾಡಿಗೆ ಅಂಗಡಿ ಎಂದಿಟ್ಟುಕೊಳ್ಳಿ. ಮೀಟರು ಮಾಲಿಕನ ಹೆಸರಲ್ಲಿ, ಕರೆಂಟು ಸುಡುವವನು ಬಾಡಿಗೆದಾರ. ಹಿಂದಿನ ಬಾಡಿಗೆದಾರನ ಕಾಲದಲ್ಲಿ ಮೀಟರು ಬದಲಾಗಿದೆ. ಹಳೆ ಸೀಲಿನ ನಂಬರು ಎಷ್ಟು, ಹೊಸದರ ನಂಬರು ಎಷ್ಟು ಎಂದು ಯಾರೂ ಬರೆದಿಟ್ಟಿಲ್ಲ. ಒಂದು ದಿನ ಜಾಗೃತ ದಳದ ಜೀಪು ಬರುತ್ತದೆ. "ಸೀಲಿಲ್ಲ" ಅನ್ನುತ್ತಾರೆ. ಇಲ್ಲವೇ "ಈ ನಂಬರು ನಮ್ಮ ಪುಸ್ತಕದಲ್ಲಿಲ್ಲ" ಅನ್ನುತ್ತಾರೆ. ಈಗ ಮಾತಾಡಿ ನೋಡೋಣ.

2003ರ ವಿದ್ಯುತ್ ಕಾಯ್ದೆಯ 135ನೇ ಕಲಮು ಕಳ್ಳತನಕ್ಕೆ ಮೂರು ವರ್ಷದ ತನಕ ಜೈಲು ಅಥವಾ ದಂಡ ಅಥವಾ ಎರಡೂ ಎನ್ನುತ್ತದೆ. ಮೊದಲ ಸಲವಾದರೆ ಕದ್ದ ಕರೆಂಟಿನ ಲಾಭದ ಮೂರು ಪಟ್ಟಿಗೆ ಕಮ್ಮಿಯಿಲ್ಲದ ದಂಡ. ಸಂಪರ್ಕ ಕತ್ತರಿಸಿ 24 ಗಂಟೆಯೊಳಗೆ ಪೊಲೀಸರಿಗೆ ದೂರು. ಕೇಸಿನ ರಗಳೆ ಬೇಡ, ರಾಜಿ ಮಾಡಿಕೊಳ್ಳೋಣ ಎಂದರೆ 152ನೇ ಕಲಮಿದೆ. ಕಾಯ್ದೆಯಲ್ಲೇ ಅಚ್ಚಾದ ದರ ವಾಣಿಜ್ಯ ಸಂಪರ್ಕಕ್ಕೆ ಕಿಲೋವ್ಯಾಟಿಗೆ 10,000 ರೂಪಾಯಿ. ಅದನ್ನು ಬದಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಈ ರಾಜಿಯ ಬಾಗಿಲು ಒಬ್ಬ ಗ್ರಾಹಕನಿಗೆ ತೆರೆಯುವುದು ಒಂದೇ ಸಲ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಕರೆಂಟು ಕದಿಯುವ ಉಪಾಯ ಮೀಟರಿನ ಹತ್ತಿರ ಇದೆ ಎಂದು ರುಜುವಾತಾದರೆ, ಗ್ರಾಹಕನೇ ಮಾಡಿದ್ದು ಎಂದು ಕೋರ್ಟು ಊಹಿಸಿಕೊಂಡು ಮುಂದುವರಿಯುತ್ತದೆ. ಅಲ್ಲ ಎಂದು ತೋರಿಸುವ ಹೊರೆ ಗ್ರಾಹಕನದು.

ಹಾಗಾದರೆ ಸೀಲು ಒಡೆದರೆ ಕಳ್ಳ ಎಂದೇ ಅರ್ಥವೇ? ಅಲ್ಲ. 1966ರ ಕಾನೂನು ವರದಿಗಳಲ್ಲಿ ಅಚ್ಚಾದ ಜಗನ್ನಾಥ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತ್ತು. ಮೀಟರಿನ ಮೇಲೆ ತೂತು ಬಾಯಿಬಿಟ್ಟ ಮಾತ್ರಕ್ಕೆ ಸಾಲದು, ಆ ಮೀಟರು ನಿಜವಾಗಿ ಕಮ್ಮಿ ಓಡುತ್ತಿದೆ ಎಂದು ತೋರಿಸಬೇಕು, ಪಕ್ಕದಲ್ಲಿ ಇನ್ನೊಂದು ಮೀಟರು ಹಾಕಿ ನೋಡಿದರೆ ಅದು ಸುಲಭ ಎಂದು ಕೋರ್ಟ್ ಹೇಳಿದ್ದು. ಆದರೆ ಅದು 1910ರ ಹಳೆ ಕಾಯ್ದೆಯ ಮೇಲಿನ ತೀರ್ಪು. ಹೊಸ ಕಾಯ್ದೆ ಮೀಟರಿಗೆ ಕೈ ಹಾಕುವುದನ್ನೇ ಹೆಸರಿಟ್ಟು ಕಳ್ಳತನದ ಪಟ್ಟಿಗೆ ಸೇರಿಸಿದೆ. ವಕೀಲರು ಹಳೆ ತೀರ್ಪನ್ನು ಹಿಡಿದು ವಾದ ಮಾಡಬಹುದು. ವಾದ ಮಾಡಿ ಗೆಲ್ಲುವಷ್ಟರಲ್ಲಿ ಅಂಗಡಿಯಲ್ಲಿ ಎಷ್ಟು ದಿನ ಕತ್ತಲೆ ಎಂಬುದೇ ಪ್ರಶ್ನೆ.

ನಮ್ಮ ಕಡಲ ಕಡೆಗೆ ಇನ್ನೊಂದು ಕಷ್ಟ ಉಂಟು. ಇಲ್ಲಿಯ ಗಾಳಿಯಲ್ಲಿ ಉಪ್ಪು. ಸೈಕಲ್ಲಿನ ಚೈನು ಒಂದು ಮಳೆಗಾಲ ಬಾಳದ ಊರಿನಲ್ಲಿ ಸೀಲಿನ ನವಿರು ತಂತಿ ಎಷ್ಟು ದಿನ ಬಾಳೀತು? ತುಕ್ಕು ಹಿಡಿದು ತಾನಾಗಿ ಕಳಚಿದ ತಂತಿಯೂ ಕಿತ್ತ ತಂತಿಯೂ ದೂರದಿಂದ ನೋಡಿದರೆ ಒಂದೇ ಥರ ಕಾಣುತ್ತವೆ. ಹತ್ತಿರದಿಂದ ನೋಡಿದರೆ ಬೇರೆ ಬೇರೆ. ತುಕ್ಕಿನ ತುದಿ ಬೇರೆ, ಇಕ್ಕಳದ ತುದಿ ಬೇರೆ. ಹಾಗೆ ಹತ್ತಿರದಿಂದ ನೋಡಬೇಕಾದರೆ ಬಿದ್ದ ಸೀಲು ಕೈಯಲ್ಲಿ ಇರಬೇಕಲ್ಲ? ತಂತಿ ಸಮೇತ ಅದನ್ನು ಗುಡಿಸಿ ಒಲೆಗೆ ಹಾಕಿದ ಮೇಲೆ ನಿರಪರಾಧಿ ಎಂದು ತೋರಿಸುವ ಏಕೈಕ ವಸ್ತುವನ್ನು ತನ್ನ ಕೈಯಾರೆ ಸುಟ್ಟುಕೊಂಡ ಹಾಗೆ.

ಇದರ ಮೇಲೆ ಹೊಳೆ. 2019ರ ಆಗಸ್ಟ್, ಮತ್ತೆ 2021ರ ಜುಲೈನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳಲ್ಲಿ ಮನೆಯೊಳಗೆ ನೀರು ಹೊಕ್ಕಿದ್ದನ್ನು ಯಾರೂ ಮರೆತಿಲ್ಲ. ಮನೆ ಮುಳುಗಿದರೆ ಮೀಟರೂ ಮುಳುಗುತ್ತದೆ. ಮುಳುಗಿದ ಮೀಟರು ಬದಲಾಗಲೇಬೇಕು. ಅಂಥ ಹೊತ್ತಿನಲ್ಲಿ ಅಕ್ಕಿ ಒಣಗಿಸುವುದೋ, ಮಕ್ಕಳ ಪುಸ್ತಕ ಒಣಗಿಸುವುದೋ, ಸೀಲಿನ ನಂಬರು ಬರೆದುಕೊಳ್ಳುವುದೋ? ಕಷ್ಟದ ದಿನದಲ್ಲೇ ದಾಖಲೆ ತಪ್ಪುವುದು, ತಪ್ಪಿದ್ದು ತಲೆಯೆತ್ತುವುದು ಮೂರು ವರ್ಷದ ಮೇಲೆ.

ಇಷ್ಟಕ್ಕೂ ಇದು ಕರೆಂಟು ಹುಟ್ಟುವ ಸೀಮೆ. ಕಾಳಿಯ ಮೇಲ್ಭಾಗದಲ್ಲಿ ಕೈಗಾದ ನಾಲ್ಕು ಘಟಕ ಸೇರಿ 880 ಮೆಗಾವ್ಯಾಟ್, ಕದ್ರಾದ ಜಲವಿದ್ಯುತ್ತು 150 ಮೆಗಾವ್ಯಾಟ್. ಹಣಕೋಣದಲ್ಲೇ ಕಲ್ಲಿದ್ದಲಿನ ಸ್ಥಾವರ ಕಟ್ಟಲು ಖಾಸಗಿ ಕಂಪನಿಯೊಂದು ಹೊರಟಾಗ 2010ರ ಸುಮಾರಿಗೆ ಜನ ಬೀದಿಗಿಳಿದು ವಿರೋಧಿಸಿದರು. ಸಾವಿರ ಮೆಗಾವ್ಯಾಟಿನ ಬಗ್ಗೆ ಇಷ್ಟು ತಿಳಿದ ಜನ ಎರಡು ಗ್ರಾಮಿನ ಬಗ್ಗೆ ತಿಳಿಯಲಾರರು ಎಂದಲ್ಲ. ಯಾರೂ ಹೇಳಲಿಲ್ಲ, ಅಷ್ಟೇ. "ಗೃಹಜ್ಯೋತಿ" ಬಂದು 2023ರಿಂದ 200 ಯೂನಿಟ್ಟಿನ ತನಕ ಮನೆಗೆ ಬಿಲ್ಲಿಲ್ಲದ ಮೇಲೆ ಮೀಟರಿನ ಕಡೆ ನೋಡುವವರೂ ಕಮ್ಮಿ. ಆದರೆ ಪುಕ್ಕಟೆ ಎಷ್ಟು ಎಂದು ನಿಗದಿಯಾಗುವುದು ಮೀಟರು ತೋರಿಸಿದ ಹಿಂದಿನ ಸರಾಸರಿಯ ಮೇಲೆಯೇ. ಅಂಗಡಿಗಳಿಗಂತೂ ಆ ಭಾಗ್ಯವೂ ಇಲ್ಲ.

ದಾರಿ ಆಫೀಸಿನಿಂದ ಶುರುವಾಗಬೇಕು

ವೋಟಿನ ದಿನ ಮತಗಟ್ಟೆಯಲ್ಲಿ ಕೂತ ಏಜೆಂಟರನ್ನು ಕೇಳಿ. ಯಂತ್ರಕ್ಕೆ ಹಾಕುವ ಹಸಿರು ಕಾಗದದ ಸೀಲಿನ ನಂಬರನ್ನು ಅವರು ಬರೆದುಕೊಳ್ಳುತ್ತಾರೆ, ಅದರ ಮೇಲೆ ಸಹಿ ಹಾಕುತ್ತಾರೆ. ಬೇರೆ ಬೇರೆ ಪಕ್ಷದವರು, ಒಬ್ಬರ ಮುಖ ಒಬ್ಬರು ನೋಡದವರು, ಆದರೂ ಒಂದು ನಂಬರಿನ ಮೇಲೆ ಎಲ್ಲರಿಗೂ ಭರವಸೆ. ಮೀಟರಿಗೂ ಇಷ್ಟೇ ಬೇಕಾದದ್ದು. ತೆಗೆದ ಸೀಲಿನ ನಂಬರು, ಹಾಕಿದ ಸೀಲಿನ ನಂಬರು, ಎರಡೂ ಕಡೆಯ ಸಹಿ, ಒಂದು ಪ್ರತಿ ಗ್ರಾಹಕನ ಕೈಗೆ.

ತೆಗೆದ ಸೀಲು ತಂತಿ ಸಮೇತ ಲೈನ್‌ಮನ್ ಕೈಚೀಲದಲ್ಲಿ ಸೆಕ್ಷನ್ ಆಫೀಸಿಗೆ ವಾಪಸ್ಸು ಹೋಗಬೇಕು. ಹೊಸ ಸೀಲು ಎಷ್ಟು ಕೊಟ್ಟೆವು, ಹಳೆಯದು ಎಷ್ಟು ಬಂತು ಎಂದು ತಾಳೆ ನೋಡಬೇಕು. ತಕರಾರು ಇಲ್ಲದ ಸೀಲುಗಳನ್ನು ನಂಬರು ಬರೆದುಕೊಂಡು ಅಲ್ಲೇ ಕತ್ತರಿಸಿ ಚೂರು ಮಾಡಬೇಕು. ತಕರಾರು ಇದ್ದದ್ದನ್ನು ಕವರಿನಲ್ಲಿ ಹಾಕಿ, ಮೇಲೆ ಆರ್.ಆರ್. ನಂಬರು ಬರೆದು, ತೀರ್ಮಾನವಾಗುವ ತನಕ ಇಡಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಟೆಂಡರು ಬೇಡ.

ಚೂರಾದ ಪ್ಲಾಸ್ಟಿಕ್ಕು ಏನಾಗಬೇಕು? ಇಲ್ಲಿ ಒಂದು ಅನುಕೂಲ ಇದೆ, ಅದನ್ನು ಯಾರೂ ಗಮನಿಸಿದ ಹಾಗಿಲ್ಲ. ಸೀಲು ಒಂಟಿಯಾಗಿ ಹೊರಟರೆ ಗುಜರಿಯವನಿಗೆ ಬೇಡ. ಆದರೆ ಈಗಿನ ಮೀಟರುಗಳ ಹೊರ ಕವಚ ಬಹುಪಾಲು ಪಾಲಿಕಾರ್ಬೊನೇಟೇ. ಹಾಳಾದ ಮೀಟರುಗಳು ಹೇಗೂ ರಾಶಿ ಬೀಳುತ್ತವೆ. ಆ ರಾಶಿಯ ಜತೆ ಅದೇ ಜಾತಿಯ ಸೀಲಿನ ಚೂರು ಸೇರಿದರೆ ತೂಕಕ್ಕೆ ತೂಕವೂ ಆಯಿತು, ಜಾತಿಯೂ ಕೂಡಿತು. ಅಕ್ರಿಲಿಕ್ ಸೀಲಿದ್ದರೆ ಅದನ್ನು ಬೇರೆ ಮಾಡಬೇಕು. ಖರೀದಿ ಮಾಡುವಾಗಲೇ ಸೀಲು ಯಾವ ಪ್ಲಾಸ್ಟಿಕ್ಕಿನದು ಎಂದು ಅದರ ಮೈಮೇಲೆ ಅಚ್ಚು ಹಾಕಿಸಿದರೆ ಆ ತಲೆನೋವೂ ಇಲ್ಲ. ಬಾಟಲಿಯ ತಳದಲ್ಲಿ ತ್ರಿಕೋನದೊಳಗೆ ನಂಬರು ಇರುತ್ತದಲ್ಲ, ಅಂಥದ್ದು.

ಇದರಲ್ಲಿ ಖರ್ಚಿಗಿಂತ ಹೆಚ್ಚು ಬೇಕಾದದ್ದು ಅಭ್ಯಾಸ. ದಿನಕ್ಕೆ ಹತ್ತು ಕಂಬ ಹತ್ತುವ ಮನುಷ್ಯನ ತಲೆಗೆ ಇನ್ನೊಂದು ಪುಸ್ತಕದ ಭಾರವೇ ಎಂದು ಲೈನ್‌ಮನ್ನರು ಗೊಣಗಬಹುದು. ಅವರ ಗೊಣಗಾಟದಲ್ಲಿ ನ್ಯಾಯ ಇದೆ. ಮಳೆಗಾಲದಲ್ಲಿ ರಾತ್ರಿ ಲೈನು ಹೋದರೆ ಮರ ಕಡಿಯುವವರೂ ಅವರೇ, ಬೈಗುಳ ತಿನ್ನುವವರೂ ಅವರೇ. ಆದರೆ ಸೀಲಿನ ಲೆಕ್ಕ ತಪ್ಪಿದರೆ ಮೊದಲ ನೋಟೀಸು ಬರುವುದೂ ಅವರಿಗೇ. ವಾಪಸ್ಸು ಕೊಟ್ಟದ್ದಕ್ಕೆ ರಸೀದಿ ಇದ್ದರೆ ಅದು ಅವರಿಗೂ ರಕ್ಷೆ.

ಗ್ರಾಹಕ ಅಲ್ಲಿಯ ತನಕ ಕಾಯಬೇಕಾಗಿಲ್ಲ. ಎಲ್ಲರ ಕಿಸೆಯಲ್ಲೂ ಮೊಬೈಲಿದೆ. ಮೀಟರಿನ ಸೀಲಿಗೆ ಒಂದು ಫೋಟೋ ಇವತ್ತೇ ತೆಗೆದಿಡಬಹುದು, ನಂಬರು ಓದುವ ಹಾಗೆ. ಸೀಲನ್ನು ಮುಟ್ಟಬಾರದು. ಕಂಪನಿಯವರ ಹೊರತು ಬೇರೆ ಯಾರೂ ಅದನ್ನು ತೆಗೆಯುವ ಹಾಗಿಲ್ಲ ಎಂಬುದು ನಿಯಮ. ತಂತಿ ತುಕ್ಕು ಹಿಡಿದು ಸಡಿಲವಾದದ್ದು ಕಂಡರೆ ಅದು ಬೀಳುವ ಮೊದಲೇ ಆಫೀಸಿಗೆ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಬೇಕು, ಇಲ್ಲವೇ 1912ಕ್ಕೆ ಫೋನು ಮಾಡಿ ದೂರಿನ ನಂಬರು ಬರೆದಿಟ್ಟುಕೊಳ್ಳಬೇಕು. ಬಿದ್ದೇ ಹೋದರೆ ಕವರಿನಲ್ಲಿಟ್ಟು ತಾರೀಖು ಬರೆದಿಡುವುದು. ಅಂಗಡಿ ಬಾಡಿಗೆಗೆ ಹಿಡಿಯುವಾಗ ಕರಾರುಪತ್ರದಲ್ಲಿ ಮೀಟರಿನ ರೀಡಿಂಗ್ ಬರೆಸುವವರು ಅದರ ಪಕ್ಕ ಸೀಲಿನ ನಂಬರನ್ನೂ ಬರೆಸಿದರೆ ಮಾಲಿಕನಿಗೂ ಒಳ್ಳೆಯದು, ಬಾಡಿಗೆದಾರನಿಗೂ ಒಳ್ಳೆಯದು. ಕಂಪನಿಯವರು ಕೇಳದಿದ್ದರೆ ಮೇಲೆ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ಅಲ್ಲಿ ಕೇಳುವ ಮೊದಲ ಮಾತೇ "ಕಾಗದ ಏನಿದೆ?"

ಸದಾಶಿವಗಡದಿಂದ ಒಳಗೆ ಬರುವ ದಾರಿಯುದ್ದಕ್ಕೂ ಅಂಗಡಿಗಳ ಬಾಗಿಲಲ್ಲಿ ಮೀಟರುಗಳು ಕಾಣುತ್ತವೆ. ಕೆಲವಕ್ಕೆ ಪೆಟ್ಟಿಗೆ ಇದೆ, ಕೆಲವಕ್ಕೆ ಇಲ್ಲ. ಕೆಲವದರ ಮುಂದೆ ಬಾಳೆಗೊನೆ ತೂಗುಹಾಕಿದೆ, ಇನ್ನು ಕೆಲವದರ ಮೇಲೆ ಕ್ಯಾಲೆಂಡರು. ಬಸ್ಸು ಬರುವ ತನಕ ನಿಂತಿರುವವರು ಬಾಳೆಗೊನೆ ಸರಿಸಿ ಒಮ್ಮೆ ನೋಡಬಹುದು. ಸೀಲು ಇದೆಯೇ, ನಂಬರು ಓದಲು ಬರುತ್ತದೆಯೇ, ತಂತಿಗೆ ತುಕ್ಕು ಎಲ್ಲಿಯ ತನಕ ಏರಿದೆ ಅಂತ.